ಟ್ರೇಲರ್ ಹಿಂದಿನ ಸೈಕಲ್ ರ‍್ಯಾಕ್: ಇನ್ನು ಬಂಪರ್‌ಗೆ ಕೂಡಿಸುವುದಿಲ್ಲ

ಗ್ರಾಹಕ ಬಂಧುಗಳಿಗೆ ನಮಸ್ಕಾರ.

ಮುಂದಿನ ತಿಂಗಳ 1ರಿಂದ ನಮ್ಮ ವರ್ಕ್‌ಶಾಪಿನಲ್ಲಿ ಕ್ಯಾರವಾನ್ ಟ್ರೇಲರ್‌ಗಳ ಹಿಂಬಂಪರ್‌ಗೆ ಸೈಕಲ್ ರ‍್ಯಾಕ್ ಕೂಡಿಸಿ ಕೊಡುವುದನ್ನು ನಿಲ್ಲಿಸುತ್ತಿದ್ದೇವೆ. ಹಿಂಗೋಡೆಯ ಏಣಿಗೆ ಸಿಕ್ಕಿಸುವ ರ‍್ಯಾಕೂ ಇರುವುದಿಲ್ಲ. ಇನ್ನು ಮೇಲೆ ರ‍್ಯಾಕ್ ಚಾಸಿಗೇ (ಟ್ರೇಲರಿನ ಅಡಿಯ ಉಕ್ಕಿನ ಚೌಕಟ್ಟಿಗೇ) ಬೋಲ್ಟ್ ಆಗುತ್ತದೆ, ಸೈಕಲ್‌ಗಳು ನೇತಾಡದೆ ತಮ್ಮ ಗಾಲಿಯ ಮೇಲೆ ನಿಲ್ಲುತ್ತವೆ, ಎರಡಕ್ಕಿಂತ ಹೆಚ್ಚು ಏರಿಸುವಂತಿಲ್ಲ. ಖರ್ಚು ಹೆಚ್ಚುತ್ತದೆ, ಅರ್ಧ ದಿನದ ಕೆಲಸ ಒಂದೂವರೆ ದಿನ ಹಿಡಿಯುತ್ತದೆ. ಹೀಗಿರುವಾಗ ಕಾರಣವನ್ನು ಬಿಡಿಸಿ ಹೇಳಬೇಕಾದದ್ದು ನಮ್ಮ ಹೊಣೆ.

ಕ್ಯಾರವಾನಿನ ಹಿಂಬಂಪರ್ ನೋಡಲು ದಪ್ಪ. ಆದರೆ ಬಹಳಷ್ಟು ಟ್ರೇಲರ್‌ಗಳಲ್ಲಿ ಅದು 100 ಮಿಮೀ ಚೌಕದ ಟೊಳ್ಳು ಕೊಳವೆ, ಗೋಡೆಯ ದಪ್ಪ 2 ಮಿಮೀ ಆಸುಪಾಸು. ಹೊಲಸು ನೀರಿನ ಪೈಪನ್ನು ಒಳಗೆ ತೂರಿಸಿಡಲೆಂದು ಅದನ್ನು ಇಟ್ಟಿರುತ್ತಾರೆ, ಭಾರ ಹೊರಲೆಂದಲ್ಲ. ಚಾಸಿಗೆ ಅದು ಅಂಟಿಕೊಂಡಿರುವುದು ಎರಡು ತುದಿಯ ಗಿಡ್ಡ ವೆಲ್ಡಿನಲ್ಲಿ ಮಾತ್ರ. ಎರಡು ಸೈಕಲ್ 32 ಕಿಲೋ, ರ‍್ಯಾಕ್ 18 ಕಿಲೋ, ಒಟ್ಟು 50 ಕಿಲೋ ಎನ್ನಿ. ಆ ಭಾರದ ನಡು ಬಂಪರ್‌ನಿಂದ 60 ಸೆಂಮೀ ಹೊರಗಿದ್ದರೆ ಕೊಳವೆಯನ್ನು ತಿರುಚುವ ಬಲ 30 ಕೆಜಿ-ಮೀಟರಿನಷ್ಟು (50 ಕಿಲೋ × 0.6 ಮೀಟರ್). ನಿಂತ ಗಾಡಿಯ ಲೆಕ್ಕ ಇದು. ಓಡುವಾಗ ಅಚ್ಚಿನ ಹಿಂದೆ ಚಾಚಿದ ಭಾಗ ಪ್ರತಿ ಹಂಪಿಗೂ ಮೇಲೆದ್ದು ಬೀಳುತ್ತದೆ. ಅದಕ್ಕೇ ನಾವು ಉಕ್ಕು ಆರಿಸುವಾಗ ಮೂರು-ನಾಲ್ಕು ಪಟ್ಟು ಹಿಡಿಯುತ್ತೇವೆ. ಕಾರಿನ ಹಿಂದೆ ವರ್ಷಗಟ್ಟಲೆ ಚೆನ್ನಾಗಿ ನಡೆದ ರ‍್ಯಾಕ್ ಟ್ರೇಲರ್ ಹಿಂದೆ ಬೇಗ ಸೋಲುವುದೂ ಇದೇ ಕಾರಣಕ್ಕೆ: ಕಾರಿನ ಹಿಂಗಾಲಿ ರ‍್ಯಾಕಿಗೆ ಹತ್ತಿರ, ಸಸ್ಪೆನ್ಷನ್ ಮೆತ್ತಗೆ. ಟ್ರೇಲರಿನ ಅಚ್ಚು ದೂರ, ಸ್ಪ್ರಿಂಗು ಬಿರುಸು.

ನಮ್ಮ ಸೀಮೆಯ ರಸ್ತೆಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ನವಲಗುಂದದ ಕಡೆಗಾಗಲಿ, ಅಣ್ಣಿಗೇರಿ ದಾಟಿ ಗದಗದ ಕಡೆಗಾಗಲಿ ಕೆಳಗಿರುವುದು ಎರಿ ಭೂಮಿ. ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿದು ಅದು ಡಾಂಬರನ್ನೂ ತನ್ನಂತೆಯೇ ಏರಿಳಿಸುತ್ತದೆ. ಗುಂಡಿ ಇಲ್ಲದ ರಸ್ತೆಯಲ್ಲೂ ಟ್ರೇಲರ್ ಮುಂದಕ್ಕೂ ಹಿಂದಕ್ಕೂ ತೂಗುತ್ತದೆ. ಗುಂಡಿ ಕಂಡರೆ ಚಾಲಕರು ನಿಧಾನಿಸುತ್ತಾರೆ, ಈ ಅಲೆ ಕಾಣುವುದಿಲ್ಲ. ವೆಲ್ಡಿನ ಅಂಚಿನಲ್ಲಿ ಕೂದಲೆಳೆಯ ಬಿರುಕು ಹುಟ್ಟುವುದು ಒಂದು ದೊಡ್ಡ ಹೊಡೆತಕ್ಕಲ್ಲ, ಇಂಥ ಸಾವಿರ ಸಣ್ಣ ತೂಗಾಟಕ್ಕೆ.

ನಿಮ್ಮ ಬಂಪರ್‌ನಲ್ಲಿ ಈಗಾಗಲೇ ರ‍್ಯಾಕ್ ಇದ್ದರೆ, ಎಲ್ಲಿ ಹಾಕಿಸಿದ್ದರೂ ಸರಿ, ಇವತ್ತೇ ಬಗ್ಗಿ ನೋಡಿ. ವೆಲ್ಡಿನ ಅಂಚಿನಲ್ಲಿ ಬಣ್ಣ ಗೆರೆಯಾಗಿ ಸೀಳಿದೆಯೇ, ಆ ಗೆರೆಯಿಂದ ಕಂದು ತುಕ್ಕು ಇಳಿದಿದೆಯೇ? ಒಬ್ಬರು ರ‍್ಯಾಕಿನ ತುದಿಯನ್ನು ಕೆಳಗೆ ಅದುಮಲಿ, ಇನ್ನೊಬ್ಬರು ವೆಲ್ಡಿನ ಮೇಲೆ ಬೆರಳಿಡಲಿ. ಬೆರಳಿಗೆ ಅಲುಗಾಟ ತಿಳಿದರೆ ಆ ರ‍್ಯಾಕಿನ ಮೇಲೆ ಇನ್ನೊಂದು ಪಯಣ ಬೇಡ. ಮೇಲೆ ಇನ್ನೊಂದು ಪದರ ವೆಲ್ಡ್ ಹೊಡೆಸಿದರೆ ಸರಿಹೋಗುತ್ತದೆಂದು ಹೇಳುವವರಿದ್ದಾರೆ. ತೆಳು ಕೊಳವೆಗೆ ಮತ್ತೆ ಶಾಖ ಕೊಟ್ಟರೆ ಬಿರುಕು ವೆಲ್ಡಿನ ಪಕ್ಕಕ್ಕೆ ಸರಿಯುತ್ತದೆ, ಅಷ್ಟೇ. ಏಣಿ ಇರುವ ಗೋಡೆಯಂತೂ ತೆಳು ತಗಡು, ಏಣಿ ಅದರ ಹಿಂದಿನ ಮರದ ಪಟ್ಟಿಗೆ ಸ್ಕ್ರೂ ಹೊಡೆದು ನಿಲ್ಲಿಸಿದ್ದು. ಸೈಕಲ್ ತೂಗಿದರೆ ಸ್ಕ್ರೂ ಸಡಿಲಾಗಿ ಅದೇ ತೂತಿನಿಂದ ಮಳೆನೀರು ಗೋಡೆಯೊಳಗೆ ಇಳಿಯುತ್ತದೆ.

ಹೊಸ ಕಟ್ಟುವಿಕೆ ಹೀಗೆ. 75 × 40 ಮಿಮೀ ಚಾನೆಲ್ ಎರಡು, ಚಾಸಿಯ ಎರಡೂ ಉದ್ದಪಟ್ಟಿಗಳ ಪಕ್ಕದಲ್ಲಿ 900 ಮಿಮೀ ಮುಂದಕ್ಕೆ ಓಡುತ್ತವೆ. ಒಂದೊಂದು ಬದಿಗೂ 8.8 ದರ್ಜೆಯ ಎಂ-12 ಬೋಲ್ಟ್ ನಾಲ್ಕು, ನೈಲಾಕ್ ನಟ್ (ಸಡಿಲಾಗದಂತೆ ಒಳಗೆ ನೈಲಾನ್ ಬಳೆ ಇರುವುದು), ಟಾರ್ಕ್ ಪಾನಾದಲ್ಲಿ 80 ನ್ಯೂಟನ್-ಮೀಟರ್ ಬಿಗಿ. ಚಾಸಿಯ ಪಟ್ಟಿ ಮುಚ್ಚಿದ ಕೊಳವೆಯಾಗಿದ್ದರೆ ಒಳಗೆ ಉಕ್ಕಿನ ಬುಷ್ ಕೂಡಿಸುತ್ತೇವೆ. ಇಲ್ಲದಿದ್ದರೆ ಬಿಗಿದಂತೆಲ್ಲ ಕೊಳವೆ ಚಪ್ಪಟೆಯಾಗಿ ಬೋಲ್ಟ್ ತಾನೇ ಸಡಿಲಾಗುತ್ತದೆ. ಹಿಂದೆ ಅಡ್ಡಕ್ಕೆ 60 ಮಿಮೀ ಚೌಕದ, 5 ಮಿಮೀ ದಪ್ಪದ ಕೊಳವೆ, ಅದರ ನಡುವೆ 2 ಇಂಚಿನ ರಿಸೀವರ್, ಅಂದರೆ ರ‍್ಯಾಕಿನ ಕಾಲು ತೂರಿ ಕೂಡುವ ಚೌಕ ಗೂಡು. ರಿಸೀವರ್‌ನೊಳಗಿನ ಒಂದು ಮಿಮೀ ಸಡಿಲೂ ರ‍್ಯಾಕಿನ ತುದಿಯಲ್ಲಿ ಬಡಿತವಾಗುತ್ತದೆ, ಆದ್ದರಿಂದ ಪಿನ್ನಿನ ಜೊತೆಗೆ ಬಿಗಿ ಕ್ಲ್ಯಾಂಪ್ ಕಡ್ಡಾಯ. ಆಮದಾದ ಕಲಾಯಿ ಚಾಸಿಗಳಲ್ಲಿ ಕೊರೆಯಲೂ ಕೂಡದು, ಬೆಸೆಯಲೂ ಕೂಡದು ಎಂದು ತಯಾರಕರು ಬರೆದಿದ್ದರೆ ಹಿಡಿಕ್ಲ್ಯಾಂಪಿನಲ್ಲೇ ಕೂಡಿಸುತ್ತೇವೆ. ಅದಕ್ಕೆ ಜಾಗ ಇಲ್ಲದಿದ್ದರೆ ಆ ಟ್ರೇಲರ್‌ಗೆ ರ‍್ಯಾಕ್ ಬೇಡ ಎಂದೇ ಹೇಳುತ್ತೇವೆ. ರ‍್ಯಾಕ್ ಸೇರಿ ಒಟ್ಟು ಮಿತಿ 65 ಕಿಲೋ.

ಉಕ್ಕಿಗಿಂತ ದೊಡ್ಡ ಮಾತು ತೂಕದ ಹಂಚಿಕೆ. ಚಕ್ಕಡಿ ಹೇರಿದವರಿಗೆ ಇದು ಗೊತ್ತು: ಹಿಂಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳಿಗೆ ಜತಗಿ (ನೊಗದ ಕೊರಳಪಟ್ಟಿ) ಬಿಗಿಯುತ್ತದೆ. ಟ್ರೇಲರಿನಲ್ಲಿ ಹಗುರಾಗುವುದು ಮೂಗುಭಾರ, ಅಂದರೆ ಕಾರಿನ ಹಿಂದಿನ ಹಿಚ್ಚಿನ ಮೇಲೆ ಟ್ರೇಲರಿನ ಮುಂತುದಿ ಊರುವ ಭಾರ. ಮುಂತುದಿಯ ಕೊಂಡಿಯಿಂದ ಅಚ್ಚಿಗೆ 4.1 ಮೀಟರ್, ಅಚ್ಚಿನಿಂದ ಸೈಕಲ್‌ಗಳಿಗೆ 2.5 ಮೀಟರ್ ಇರುವ ಟ್ರೇಲರ್ ತೆಗೆದುಕೊಳ್ಳಿ. ಹಿಂದೆ 50 ಕಿಲೋ ಏರಿಸಿದರೆ ಮೂಗುಭಾರ 30 ಕಿಲೋ ಇಳಿಯುತ್ತದೆ, ಅಚ್ಚಿನ ಮೇಲೆ 80 ಕಿಲೋ ಏರುತ್ತದೆ. 1000 ಕಿಲೋ ಟ್ರೇಲರಿಗೆ 100 ಕಿಲೋ ಮೂಗುಭಾರ ಇದ್ದದ್ದು 70ಕ್ಕೆ ಬಂತು, ಒಟ್ಟು ತೂಕ 1050 ಆಯಿತು, ಅಂದರೆ ಶೇ 7ಕ್ಕಿಂತಲೂ ಕೆಳಗೆ. ನಾವು ಗುರಿ ಇಡುವುದು ಶೇ 10ರ ಆಸುಪಾಸು. ಅದಕ್ಕಿಂತ ತೀರ ಇಳಿದರೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಲಾರಿ ಪಕ್ಕದಿಂದ ಹಾದಾಗ ಬಾಲ ಅಲುಗಾಡಲು ಶುರುವಾಗಿ, ಒಂದಕ್ಕಿಂತ ಒಂದು ದೊಡ್ಡದಾಗುತ್ತ ಹೋಗಬಹುದು.

ಮನೆಯಲ್ಲೇ ತೂಗಬಹುದು. ಸಮ ನೆಲದಲ್ಲಿ ಗಾಲಿಗೆ ಅಡ್ಡಗಲ್ಲು ಕೊಟ್ಟು, ಕೊಂಡಿಯ ಕೆಳಗೆ ಮನುಷ್ಯರು ತೂಗುವ ತಕ್ಕಡಿ, ಅದರ ಮೇಲೆ ಮರದ ತುಂಡು. ಕೊಂಡಿ ಹಿಚ್ಚಿನ ಎತ್ತರಕ್ಕೇ ಇರಬೇಕು, ನೀರಿನ ಟ್ಯಾಂಕು ಪ್ರಯಾಣದಲ್ಲಿ ಇರುವಷ್ಟೇ ತುಂಬಿರಬೇಕು. ಕಡಿಮೆ ಬಂದರೆ ಹಿಂದಿನ ಖಾನೆಯ 40 ಕಿಲೋ ಸಾಮಾನನ್ನು 3 ಮೀಟರ್ ಮುಂದಕ್ಕೆ ಸರಿಸಿ, ಕಳೆದ 30 ಕಿಲೋ ಹೆಚ್ಚುಕಡಿಮೆ ವಾಪಸು ಬರುತ್ತದೆ. ಆದರೂ ಅಚ್ಚಿನಿಂದ ದೂರದ ಭಾರಕ್ಕೆ ತೂಗುವ ಗುಣ ಉಳಿದೇ ಇರುತ್ತದೆ. ಸೈಕಲ್ ಹೇರಿದಾಗ ಗಂಟೆಗೆ 70 ಕಿಮೀ ದಾಟಬೇಡಿ.

ಮೂಗುಭಾರಕ್ಕೆ ಕಾರಿನ ಹಿಚ್ಚಿನಲ್ಲಿ ಅವಕಾಶ ಇದ್ದರೆ ನಾವು ಮೊದಲು ಸೂಚಿಸುವುದು ಮುಂದಿನ ಎಳೆಗಂಬದ (ಕೊಂಡಿಗೂ ಟ್ರೇಲರಿನ ಮುಂಗೋಡೆಗೂ ನಡುವಿನ ಉಕ್ಕಿನ ಭಾಗದ) ಮೇಲಿನ ರ‍್ಯಾಕ್. ಅಲ್ಲಿ ಕುಲುಕು ಕಡಿಮೆ, ಟ್ರೇಲರ್ ಗಾಲಿ ಎರಚುವ ಧೂಳು-ಕೆಸರೂ ಇಲ್ಲ. ಆದರೆ ಅದೇ 50 ಕಿಲೋ ಅಲ್ಲಿ ಮೂಗುಭಾರವನ್ನು 40 ಕಿಲೋದಷ್ಟು ಏರಿಸುತ್ತದೆ. ತಿರುವಿನಲ್ಲಿ ಹ್ಯಾಂಡಲ್ ಕಾರಿನ ಹಿಂಬಾಗಿಲಿಗೆ ತಾಗುತ್ತದೋ ಎಂದು ಸ್ಟೇರಿಂಗ್ ಪೂರ್ತಿ ತಿರುಗಿಸಿ ನೋಡದೆ ಅರಬೈಲ್ ಘಟ್ಟ ಇಳಿಯಬಾರದು.

ಹೇರುವಾಗ ಭಾರದ ಸೈಕಲ್ ಗೋಡೆಯ ಕಡೆಗೆ, ಹಗುರದ್ದು ಹೊರಗೆ, ಹ್ಯಾಂಡಲ್ ಒಂದು ಎಡಕ್ಕೆ ಒಂದು ಬಲಕ್ಕೆ. ಪೆಡಲ್‌ಗೂ ಗೋಡೆಗೂ 15 ಸೆಂಮೀ ಇರಲಿ, ಗೋಡೆಯ ತಗಡನ್ನು ಪೆಡಲ್ ಸುಲಭವಾಗಿ ತೂತು ಮಾಡುತ್ತದೆ. ಎರಡೂ ಗಾಲಿಗೆ ಪಟ್ಟಿ, ಫ್ರೇಮಿನಿಂದ ರ‍್ಯಾಕಿಗೆ 25 ಮಿಮೀ ಬಕಲ್ ಪಟ್ಟಿ, ಬ್ರೇಕ್ ಕೇಬಲ್ ಕೆಳಗೆ ಸಿಗದಂತೆ. ರಬ್ಬರ್ ಹಗ್ಗ ಬೇಡ: ಹಂಪಿನಲ್ಲಿ ಅದು ಹಿಗ್ಗುತ್ತದೆ, ಹಿಗ್ಗಿದಷ್ಟು ಸೈಕಲ್ ನೆಗೆಯುತ್ತದೆ. ಪಟ್ಟಿಗೆ ಅರ್ಧ ಸುತ್ತು ತಿರುಚು ಕೊಟ್ಟರೆ ಗಾಳಿಗೆ ಗುಂಯ್‌ಗುಟ್ಟುವುದಿಲ್ಲ. ಫ್ರೇಮುಗಳು ತಾಗುವಲ್ಲಿ ಹಳೇ ಟ್ಯೂಬು ಸುತ್ತಿ. ಪಂಪು, ಬಾಟಲಿ, ಮಕ್ಕಳ ಸೀಟು, ಇ-ಸೈಕಲ್‌ನ ಬ್ಯಾಟರಿ ಒಳಗೆ ಇಡಿ. ತಾಡಪಾಲು ಹೊದಿಸಬೇಡಿ, ಅದು ಗಾಳಿ ಹಿಡಿದು ಬಡಿಯುತ್ತ ಪಟ್ಟಿಯನ್ನು ಸವೆಸುತ್ತದೆ, ದೀಪವನ್ನೂ ಮುಚ್ಚುತ್ತದೆ. ಚೈನಿಗೆ ಮಾತ್ರ ಬಟ್ಟೆ ಸುತ್ತಿದರೆ ಸಾಕು. ನಂಬರ್ ಪ್ಲೇಟ್, ಬ್ರೇಕ್ ಲೈಟ್, ಇಂಡಿಕೇಟರ್ ಮರೆಯಾದರೆ ರ‍್ಯಾಕಿನ ತುದಿಗೆ ದೀಪದ ಪಟ್ಟಿ ನಾವೇ ಜೋಡಿಸುತ್ತೇವೆ.

ಹೊರಟು ಮೊದಲ 15 ಕಿಮೀ ಆದ ಮೇಲೆ ಒಮ್ಮೆ ನಿಲ್ಲಿಸಿ ಪಟ್ಟಿ ಎಳೆದು ನೋಡಿ, ಆಮೇಲೆ ಎರಡು ತಾಸಿಗೊಮ್ಮೆ. ಹೊಸ ಬೋಲ್ಟುಗಳನ್ನು 100 ಕಿಮೀ ಓಡಿದ ಮೇಲೆ ಮತ್ತೆ ಬಿಗಿಯಲೇಬೇಕು. ಅದಕ್ಕೆ ನಾವು ಹಣ ತೆಗೆದುಕೊಳ್ಳುವುದಿಲ್ಲ.

ನಮ್ಮಲ್ಲೇ ಬಂಪರ್ ರ‍್ಯಾಕ್ ಹಾಕಿಸಿದವರಿಗೆ ಬದಲಾವಣೆಯ ಕೂಲಿ ತೆಗೆದುಕೊಳ್ಳುವುದಿಲ್ಲ, ಉಕ್ಕು ಮತ್ತು ಬೋಲ್ಟಿನ ಬಿಲ್ಲು ಮಾತ್ರ ನಿಮ್ಮದು. ಮುಂಗಡ ಕೊಟ್ಟು ಕಾಯುತ್ತಿರುವವರು ಹೊಸ ಬಗೆ ಬೇಡವೆಂದರೆ ಪೂರ್ತಿ ಹಣ ಮರಳಿಸುತ್ತೇವೆ. ಹೊಸ ರ‍್ಯಾಕ್ ಕೂಡಿಸುವವರೆಗೆ ಸೈಕಲ್ ಒಯ್ಯಲೇಬೇಕಾದರೆ ಟ್ರೇಲರ್ ಒಳಗೆ, ಅಚ್ಚಿನ ನೇರಕ್ಕೆ, ಕೆಳಗೆ ಚಾಪೆ ಹಾಸಿ ಮಲಗಿಸಿ ಕಟ್ಟಿ.

ಬರುವಾಗ ಟ್ರೇಲರನ್ನು ಖಾಲಿ ಮಾಡಬೇಡಿ. ಊರಿಗೆ ಹೊರಟಾಗ ಇರುವಂತೆಯೇ ಸಾಮಾನು, ನೀರು, ಗ್ಯಾಸ್ ಸಿಲಿಂಡರ್ ಇರಲಿ, ನಿಮ್ಮ ಸೈಕಲ್‌ಗಳನ್ನೂ ಎಳೆಯುವ ಕಾರನ್ನೂ ತನ್ನಿ. ಮೊದಲು ತೂಗುತ್ತೇವೆ, ಆಮೇಲೆ ಕೊರೆಯುತ್ತೇವೆ. ದಸರಾ ರಜೆಗೆ ಹೊರಡುವವರು ಎರಡು ವಾರ ಮುಂಚೆ ದಿನ ಗೊತ್ತುಮಾಡಿಕೊಳ್ಳಿ.

ಇಂತಿ,
ವರ್ಕ್‌ಶಾಪ್ ಬಳಗ
ಗೋಕುಲ ರಸ್ತೆ, ಹುಬ್ಬಳ್ಳಿ