ಸಿ ಸೆಕ್ಷನ್ ಹುಡುಗ

ಮೂಡಿಗೆರೆ

ಚಿ. ಸೌ. ಮಗಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಅಂಕ ನೋಡಿ ಮಗನನ್ನು ಶಾಲೆಯಲ್ಲಿ ಸಿ ಸೆಕ್ಷನ್‌ಗೆ ಹಾಕಿದ್ದಾರೆ ಎಂದು ನೀನು ಬರೆದ ಪತ್ರವನ್ನು ದೊಡ್ಡಮ್ಮನಿಗೆ ಓದಿ ಹೇಳಿದೆ. ಒಂದು ಸಾಲಿಗೆ ಬಂದಾಗ ಗಂಟಲು ಕಟ್ಟಿತು. ಗಣಿತದ ಪುಸ್ತಕ ತೆರೆ ಎಂದರೆ ಮಗು, ‘ನಾನು ಸಿ ಸೆಕ್ಷನ್ ಅಲ್ಲವೇನಮ್ಮ’ ಎಂದನಂತೆ. ಅಂಕದ ಮಾತು ಹಾಗಿರಲಿ. ಆ ‘ನಾನು’ ಎನ್ನುವುದು ಎರಡು ರಾತ್ರಿ ನನ್ನನ್ನು ಮಲಗಗೊಡಲಿಲ್ಲ.

ಈಗ ಸೆಕ್ಷನ್ ಮಾಡುತ್ತಾರೆ, ನಾನು ಮೇಷ್ಟ್ರಾಗಿದ್ದಾಗ ನಾವು ಬೆಂಚು ಮಾಡುತ್ತಿದ್ದೆವು. ಎಂಟನೇ ತರಗತಿಯಲ್ಲಿ ಎಸ್ಟೇಟಿನ ಕೂಲಿಯವರ ಲೈನ್ ಮನೆಗಳ ಮಕ್ಕಳು ಕಾಫಿ ಕೊಯ್ಲಿನ ದಿನಗಳಲ್ಲಿ ತಡವಾಗಿ ಬರುತ್ತಿದ್ದರು. ತಮ್ಮ-ತಂಗಿಯರನ್ನು ನೋಡಿಕೊಂಡು ಬರಬೇಕಿತ್ತೋ ಏನೋ, ನಾನು ವಿಚಾರಿಸಲೇ ಇಲ್ಲ. ಹಿಂದಿನ ಬೆಂಚಿಗೆ ಕಳುಹಿಸಿದೆ. ಅಲ್ಲಿದ್ದವರಿಗೆ ಪ್ರಶ್ನೆ ಕೇಳುವುದು ಕಡಿಮೆಯಾಯಿತು. ಕೇಳಿದರೂ ಉತ್ತರ ಬರುವವರೆಗೆ ಕಾಯುತ್ತಿರಲಿಲ್ಲ. ಮುಂದಿನ ಬೆಂಚಿನವರು ತಡವರಿಸಿದರೆ ಸುಳಿವು ಕೊಡುತ್ತಿದ್ದೆ. ವರ್ಷ ಮುಗಿಯುವಷ್ಟರಲ್ಲಿ ಹಿಂದಿನವರು ಕೈ ಎತ್ತುವುದನ್ನೇ ಬಿಟ್ಟರು. ನಾನು ಎಣಿಸಿದ್ದು ಸರಿಯಾಗಿತ್ತು ಎಂದುಕೊಂಡೆ.

ಇದನ್ನೇ ನಾನು ಬಿ.ಇಡಿ.ಯಲ್ಲಿ ಓದಿದ್ದೆ, ಮಗಳೇ. 1968ರಲ್ಲಿ ಪ್ರಕಟವಾದ ರೋಸೆಂಥಾಲ್, ಜೇಕಬ್‌ಸನ್ ಎಂಬ ಸಂಶೋಧಕರ ಪ್ರಯೋಗ. ಅಮೆರಿಕದ ಒಂದು ಶಾಲೆಯಲ್ಲಿ ಶೇ 20ರಷ್ಟು ಮಕ್ಕಳನ್ನು ಚೀಟಿ ಎತ್ತಿದಂತೆ ಆರಿಸಿ, ಇವರು ಈ ವರ್ಷ ಚುರುಕಾಗುತ್ತಾರೆ ಎಂದು ಶಿಕ್ಷಕರಿಗೆ ಹೇಳಿದರು. ಚಿಕ್ಕ ತರಗತಿಗಳಲ್ಲಿ ಆ ಮಕ್ಕಳು ನಿಜಕ್ಕೂ ಮುಂದೆ ಹೋದರು. ಅದರ ಲೆಕ್ಕಾಚಾರವನ್ನು ಆಮೇಲೆ ಹಲವರು ಪ್ರಶ್ನಿಸಿದ್ದುಂಟು. ನಾನು ಪ್ರಶ್ನಿಸಲಾರೆ. ಅದನ್ನೇ ತಿರುವುಮುರುವಾಗಿ ಮಾಡಿದವನು ನಾನು.

ಕೆಲವು ವರ್ಷಗಳ ಹಿಂದೆ ಬಸ್ ನಿಲ್ದಾಣದಲ್ಲಿ ತಲೆ ನರೆತವರೊಬ್ಬರು ಕಾಲು ಮುಟ್ಟಿದರು. ಗುರುತು ಹತ್ತಲಿಲ್ಲ. ‘ಹಿಂದಿನ ಬೆಂಚಿನವನು, ಮೇಷ್ಟ್ರೇ’ ಎಂದರು. ಹೆಸರು ಹೇಳಲಿಲ್ಲ. ಬಸ್ಸು ಹೊರಟುಹೋಯಿತು, ಹೆಸರು ನನಗೆ ಇವತ್ತಿಗೂ ನೆನಪಾಗಿಲ್ಲ.

ನಿನಗೆ ಬುದ್ಧಿ ಹೇಳುವ ಯೋಗ್ಯತೆ ನನಗೆ ಇದೆಯೋ ಇಲ್ಲವೋ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಮಕ್ಕಳಿಗೆ ಮಾನಸಿಕ ಕಿರುಕುಳ ಕೊಡಬಾರದು ಎನ್ನುತ್ತದೆ, ಆದರೆ ಮೊದಲೇ ಕಾಯ್ದೆ ಹಿಡಿದು ಹೋಗಬೇಡ. ಅವನ ಮೇಡಂ ಎದುರು ಕುಳಿತು, ತರಗತಿಯಲ್ಲಿ ಇವನಿಗೆ ಪ್ರಶ್ನೆ ಕೇಳುತ್ತೀರಾ ಎಂದು ಮಾತ್ರ ವಿಚಾರಿಸು. ಬೋರ್ಡು ಕಾಣುತ್ತದೆಯೇ ಎಂದು ಒಮ್ಮೆ ಕಣ್ಣು ಪರೀಕ್ಷೆ ಮಾಡಿಸು. ‘ಇವನು ಸಿ ಸೆಕ್ಷನ್’ ಎಂಬ ಮಾತು ನೆಂಟರ ಮುಂದೆ ನಿನ್ನ ಬಾಯಿಂದಲೂ ಬಂದಿರಬಹುದು, ತಪ್ಪು ತಿಳಿಯಬೇಡ.

ದಸರಾ ರಜೆಗೆ ಅವನನ್ನು ಇಲ್ಲಿಗೆ ಕಳುಹಿಸು. ತೋಟದ ಬೇಲಿಗೆ ಎಷ್ಟು ಕಂಬ ಬೇಕೆಂದು ಅಳೆಯಬೇಕಾಗಿದೆ. ಅವನೇ ಲೆಕ್ಕ ಹಾಕಲಿ. ಎಷ್ಟು ಹೊತ್ತಾದರೂ ಆಗಲಿ, ಪಕ್ಕದಲ್ಲಿ ಕುಳಿತು ಕಾಯುತ್ತೇನೆ.

ನಿನ್ನ ದೊಡ್ಡಪ್ಪ