ಈ ವಾರದ ಓದು: ಹೆರ್ವೊರ್ ಮತ್ತು ಶಾಪದ ಕತ್ತಿ

ಎಲ್ಲರಿಗೂ ನಮಸ್ಕಾರ. ಈ ವಾರ ಐಸ್‌ಲ್ಯಾಂಡಿನ ಹೆರ್ವೊರ್ ಮತ್ತು ಹೈದ್ರೆಕ್ ಸಾಗಾ (ಸಾಗಾ ಅಂದರೆ ಅಲ್ಲಿನ ಹಳೆಯ ಗದ್ಯಕತೆ) ಓದೋಣ. ಬರೆದದ್ದು 13ನೇ ಶತಮಾನದಲ್ಲಿ, ಆದರೆ ಕತೆ ನಡೆಯುವುದು ಐಸ್‌ಲ್ಯಾಂಡಿನಲ್ಲಿ ಜನ ನೆಲೆಸುವುದಕ್ಕೂ ಎಷ್ಟೋ ಮುಂಚಿನ ಕಾಲದಲ್ಲಿ. ಇಂಥವನ್ನು 'ಪ್ರಾಚೀನ ಕಾಲದ ಸಾಗಾ' ಅಂತ ಕರೆಯುತ್ತಾರೆ.

ನಾರ್ಸ್ ಪುರಾಣದಲ್ಲಿ ಬರುವ ಕಮ್ಮಾರ ಕುಳ್ಳರು ಒತ್ತಾಯಕ್ಕೆ ಮಾಡಿಕೊಟ್ಟ ತಿರ್ಫಿಂಗ್ ಅನ್ನೋ ಕತ್ತಿ ಇದೆ. ಅವರು ಅದಕ್ಕೆ ಶಾಪವನ್ನೂ ಹಾಕಿದ್ದಾರೆ. ಒರೆಯಿಂದ ತೆಗೆದರೆ ಒಬ್ಬನ ಪ್ರಾಣ ತೆಗೆಯಲೇಬೇಕು. ಹೆರ್ವೊರ್ ಗಂಡಸಿನ ವೇಷದಲ್ಲಿ ಸಾಮ್ಸಿ ದ್ವೀಪಕ್ಕೆ ಹೋಗಿ, ಜೊತೆಗಿದ್ದವರೆಲ್ಲ ಹೆದರಿ ನಿಂತರೂ, ಸಮಾಧಿ ದಿಬ್ಬಗಳ ಸುತ್ತ ಉರಿಯುವ ಬೆಂಕಿ ದಾಟಿ, ಸತ್ತ ಅಪ್ಪ ಆಂಗಂಟೈರನನ್ನೇ ಎಬ್ಬಿಸಿ ಕತ್ತಿ ಕೊಡು ಅಂತ ಕೇಳುತ್ತಾಳೆ. ಈ ಕತ್ತಿ ನಿನ್ನ ವಂಶವನ್ನೇ ಹಾಳುಮಾಡುತ್ತೆ ಅಂತ ಅಪ್ಪ ಎಚ್ಚರಿಸುತ್ತಾನೆ. ಅವಳು ಬಿಡುವುದಿಲ್ಲ. ಈ ಭಾಗದ ಪದ್ಯಗಳನ್ನು ದಯವಿಟ್ಟು ನಿಧಾನವಾಗಿ, ಜೋರಾಗಿ ಓದಿ, ನನಗೆ ಪ್ರತಿ ಸಲವೂ ಮೈ ಜುಮ್ಮೆನ್ನುತ್ತದೆ.

ಆಮೇಲೆ ಒಗಟುಗಳು. ಓಡಿನ್ ದೇವರು ವೇಷ ಮರೆಸಿಕೊಂಡು ಬಂದು ಅವಳ ಮಗ ರಾಜ ಹೈದ್ರೆಕನಿಗೆ ಒಗಟು ಹಾಕುತ್ತಾನೆ. ಒಂದು ಹೀಗಿದೆ: ನೀರು ಕಾಡು ಎಲ್ಲ ನುಂಗುತ್ತದೆ, ಮನುಷ್ಯನಿಗೆ ಹೆದರಲ್ಲ, ಗಾಳಿಗೆ ಹೆದರುತ್ತದೆ. ಉತ್ತರ ಮಂಜು. ಎಷ್ಟು ಚೆನ್ನಾಗಿದೆ, ಅಲ್ವಾ? ಕೊನೆಯ ಪ್ರಶ್ನೆ ಮಾತ್ರ ಮೋಸದ್ದು: ಸತ್ತ ಮಗ ಬಾಲ್ಡರನನ್ನು ಚಿತೆಗೇರಿಸುವ ಮುನ್ನ ಓಡಿನ್ ಅವನ ಕಿವಿಯಲ್ಲಿ ಏನು ಹೇಳಿದ? ಅದು ಓಡಿನ್‌ಗೆ ಬಿಟ್ಟು ಯಾರಿಗೂ ಗೊತ್ತಿಲ್ಲ. ರಾಜ ಸಿಟ್ಟಿನಿಂದ ಕತ್ತಿ ಬೀಸುತ್ತಾನೆ, ಓಡಿನ್ ಗಿಡುಗನಾಗಿ ಹಾರುತ್ತಾನೆ, ಬಾಲದ ತುದಿ ತುಂಡಾಗುತ್ತದೆ. ಗಿಡುಗದ ಬಾಲ ಮೋಟು ಆದದ್ದು ಹಾಗಂತೆ.

ಭಾನುವಾರದೊಳಗೆ ಓದಿ ಮುಗಿಸಿ. ನಿಮಗೆ ಇಷ್ಟವಾದ ಒಂದು ಒಗಟನ್ನು ಕನ್ನಡಕ್ಕೆ ತಂದು ಇಲ್ಲಿ ಹಾಕಿ, ಉತ್ತರ ಮಾತ್ರ ಸೋಮವಾರದ ತನಕ ಹೇಳಬೇಡಿ.