ಬೆಳ್ವೊಲವನ್ನು ಜಯಸಿಂಹನಿಗೆ ಕೊಟ್ಟ ತಪ್ಪು

ಮಾನ್ಯರೇ,

ಕಲ್ಯಾಣದ ಚಾಲುಕ್ಯ ಅರಸ ಆರನೆಯ ವಿಕ್ರಮಾದಿತ್ಯ ಎಂದೊಡನೆ ಐವತ್ತು ವರ್ಷದ ವೈಭವವನ್ನೇ ಹಾಡಿ ಹೊಗಳುತ್ತೇವೆ. ಅದಕ್ಕೂ ಮೊದಲು, 1068ರಿಂದ 1076ರವರೆಗೆ, ಅಣ್ಣ ಎರಡನೆಯ ಸೋಮೇಶ್ವರನೊಡನೆ ನಡೆದ ದಾಯಾದಿ ಜಗಳವನ್ನು ಮಾತ್ರ ಎರಡೇ ಮಾತಿನಲ್ಲಿ ದಾಟಿಬಿಡುತ್ತೇವೆ. ಅದರ ಗುರುತುಗಳು ನಮ್ಮ ಗದಗ–ಅಣ್ಣಿಗೇರಿ ಸೀಮೆಯ ಕಲ್ಲುಗಳಲ್ಲೇ ಇವೆ.

ಸೋಮೇಶ್ವರ ತಮ್ಮಂದಿರನ್ನು ದಕ್ಷಿಣದ ಗಡಿನಾಡುಗಳಲ್ಲಿಟ್ಟು, ನಡುನಾಡನ್ನು ನಂಬಿಕಸ್ಥ ದಂಡನಾಯಕ ಲಕ್ಷ್ಮನಿಗೆ ವಹಿಸಿದ. 1071–72ರ ಗಾವರವಾಡ ಶಾಸನದಲ್ಲಿ ಬೆಳ್ವೊಲ ಮುನ್ನೂರು, ಪುಲಿಗೆರೆ (ಇಂದಿನ ಲಕ್ಷ್ಮೇಶ್ವರ) ಮುನ್ನೂರು ಎಂಬ ನಾಡುಗಳೆರಡೂ ಅವನ ಕೈಯಲ್ಲಿವೆ. ಚೋಳರ ದಾಳಿಯಲ್ಲಿ ಹಾಳಾದ ಅಣ್ಣಿಗೇರಿಯ ಬಸದಿಯನ್ನು ಅವನು ನೆಟ್ಟಗೆ ಮಾಡಿಸಿದ್ದೂ ಅಲ್ಲೇ ಇದೆ.

ವಿಕ್ರಮಾದಿತ್ಯನ ಪಕ್ಷದಲ್ಲಿ ಗೋವೆಯ ಕದಂಬರು, ಸೇವುಣರು, ಹೊಯ್ಸಳರು, ತಮ್ಮ ಜಯಸಿಂಹ. ಒಬ್ಬೊಬ್ಬರ ಲೆಕ್ಕ ಒಂದೊಂದು. ಮಾವ ವೀರರಾಜೇಂದ್ರ ಚೋಳ 1070ರಲ್ಲಿ ತೀರಿಕೊಂಡ ಮೇಲೆ ಆ ಬಲವೂ ಹೋಗಿ, ಹೊಸ ಅರಸ ಕುಲೋತ್ತುಂಗ ಸೋಮೇಶ್ವರನ ಕಡೆ ನಿಂತ. ಆದರೂ ಕೊನೆಗೆ ಗೆದ್ದದ್ದು ವಿಕ್ರಮಾದಿತ್ಯ; ಗೆದ್ದ ಮೇಲೆ ತನ್ನ ಪಕ್ಷದವರಿಗೆಲ್ಲ ಪಾಲು ಹಂಚಬೇಕಾಯಿತು. ಕದಂಬರನ್ನು ನಂಟಸ್ತನದಿಂದ ಕಟ್ಟಿಕೊಂಡದ್ದು ಜಾಣತನ. ಮುಂದೆ ಮಗಳು ಮೈಲಲದೇವಿಯನ್ನೇ ಎರಡನೆಯ ಜಯಕೇಶಿಗೆ ಕೊಟ್ಟ. ಎಡವಿದ್ದು ಜಯಸಿಂಹನ ವಿಷಯದಲ್ಲಿ. ಬನವಾಸಿ ಪನ್ನಿರ್ಛಾಸಿರ (ಹನ್ನೆರಡು ಸಾವಿರ), ಸಾಂತಳಿಗೆ ಸಾಸಿರ, ಅವಕ್ಕೆ ಸೇರಿಸಿ ಬೆಳ್ವೊಲ, ಪುಲಿಗೆರೆ: ಒಂದಕ್ಕೊಂದು ತಾಗಿದ ನಾಡುಗಳು, ಎರೆಹೊಲದ ಫಸಲು, ತೆರಿಗೆ ತರುವ ಪೇಟೆಗಳು, ಎಲ್ಲವೂ ಒಬ್ಬನ ಕೈಗೆ. ನಡುವೆ ತಡೆಯಲು ಒಬ್ಬ ಲಕ್ಷ್ಮನೂ ಇಲ್ಲ. 1083ರ ಹೊತ್ತಿಗೆ ಅದೇ ತಮ್ಮ ಕೃಷ್ಣಾ ತೀರಕ್ಕೆ ದಂಡೆತ್ತಿ ಬಂದ. ಆಸ್ಥಾನಕವಿ ಬಿಲ್ಹಣ ಇದನ್ನು ತಮ್ಮನ ದ್ರೋಹವೆಂದೇ ಬರೆದಿದ್ದಾನೆ. ಹಂಚಿಕೆಯ ತಪ್ಪನ್ನು ನಾವೇ ಕಲ್ಲುಗಳಿಂದ ಓದಿಕೊಳ್ಳಬೇಕು.

ಓದುವಾಗ ಮೊದಲು ಅರಸನ ಬಿರುದು ನೋಡಿ: ಭುವನೈಕಮಲ್ಲ ಸೋಮೇಶ್ವರ, ತ್ರಿಭುವನಮಲ್ಲ ವಿಕ್ರಮಾದಿತ್ಯ. ಆಮೇಲೆ ನಾಡನ್ನು ಆಳುತ್ತಿದ್ದವನ ಹೆಸರು. ಕೊನೆಗೆ ಕಾಲ. ಚಾಲುಕ್ಯ ವಿಕ್ರಮವರ್ಷ (ವಿಕ್ರಮಾದಿತ್ಯ ಪಟ್ಟವೇರಿದಂದಿನಿಂದ ಎಣಿಸುವ ವರ್ಷ) ಇದ್ದರೆ, ಕ್ರಿಸ್ತಶಕ ತಿಳಿಯಲು ಅದಕ್ಕೆ 1075 ಕೂಡಿಸಿ. ಮಾಘ, ಫಾಲ್ಗುಣದ ತಿಥಿಯಾದರೆ 1076. ಎಲ್ಲಕ್ಕೂ 1076 ಕೂಡಿಸುವವರು ಒಂದು ವರ್ಷ ಮುಂದೆ ಹೋಗುತ್ತಾರೆ. ಜಯಸಿಂಹ ಆಳುತ್ತಿದ್ದನೋ, ತಿರುಗಿಬಿದ್ದಿದ್ದನೋ ಎಂಬುದನ್ನು ಹೇಳಲು ಆ ಒಂದು ವರ್ಷವೇ ಬೇಕು. ಸಂಶಯವಿದ್ದಲ್ಲಿ ಸಂವತ್ಸರದ ಹೆಸರಿನೊಂದಿಗೆ ತಾಳೆ ನೋಡಿ. ವಿಕ್ರಮವರ್ಷದ ಮೊದಲ ವರ್ಷ ನಳ ಸಂವತ್ಸರ.

ಲಕ್ಷ್ಮೇಶ್ವರ, ಅಣ್ಣಿಗೇರಿ, ಗಾವರವಾಡದ ಶಾಸನಗಳ ಪಕ್ಕ ಈ ಮೂರು ವಿವರಗಳಿರುವ ಕನ್ನಡ ಫಲಕಗಳನ್ನು ಹಾಕಿಸಬೇಕೆಂದು ಸಂಬಂಧಪಟ್ಟವರನ್ನು ಕೇಳಿಕೊಳ್ಳುತ್ತೇವೆ.

– ಇತಿಹಾಸ ಶಿಕ್ಷಕರು, ಗದಗ